ಸೋಸುವ ಬಟ್ಟೆ

ಅಕ್ಕನ ಎಡಗಣ್ಣು ಸದಾ ಅರೆಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಬಲಗಣ್ಣು ಕೊಟ್ಟು ಕೊಟ್ಟು ಹಾಗಾಗಿತ್ತು. ಆಳಂದದ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ ತನಗೇ ಕಣ್ಣು ಹೊಡೆದಳೆಂದು ತಿಳಿದು ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟಿದ್ದ. ನನಗೆ ಅದಕ್ಕೂ ಹೊಟ್ಟೆಕಿಚ್ಚು.

ಜೇವರ್ಗಿಯವಳಾದ ಆಕೆ ನಮ್ಮ ಪ್ರಯೋಗಾಲಯದಲ್ಲಿ ನನಗಿಂತ ಹಿರಿಯಳು, ಎಲ್ಲರಿಗೂ ಅಕ್ಕ. ಬಾವಿ, ಹೊಳೆಗಳ ನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಅಮೀಬಾಗಳನ್ನು ಗುರುತಿಸುವುದು ನಮ್ಮ ಕೆಲಸ. ನಾನು ಆಕಾರ ನೋಡಿ ಜಾತಿ ಹೇಳುತ್ತಿದ್ದೆ. ತೊಂಬತ್ತರ ದಶಕದ ಮೊದಲಲ್ಲಿ ಆಕೆ ಅವುಗಳ ಡಿಎನ್‌ಎ ಕತ್ತರಿಸಿ, ಆ ತುಂಡುಗಳಿಂದ ಮೂಡುವ ಪಟ್ಟೆಗಳನ್ನು ಹೋಲಿಸಿ ಜಾತಿ ಹೇಳುವುದನ್ನು ಕಲಿತು ಬಂದಳು. "ಮಾರಿ ನೋಡಿ ಮನೆತನ ಹೇಳಬ್ಯಾಡೋ ತಮ್ಮಾ," ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು; ನನ್ನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಅಫಜಲಪುರದ ಹತ್ತಿರ ಭೀಮಾ ಹೊಳೆಯಲ್ಲಿ ಸಿಗುವ ಅಮೀಬಾ ಆಳಂದದ ಬಾವಿಯದಕ್ಕಿಂತ ಬೇರೆಯೇ ಜಾತಿ ಎಂದು ಮೂರು ವರ್ಷ ವಾದಿಸಿದ್ದೆ. ಪರೀಕ್ಷಿಸಲು ಇಬ್ಬರೂ ಹೋಗಿ ಮೊದಲು ಆಳಂದದ ಬಾವಿಯ ನೀರು, ಮರುದಿನ ಹೊಳೆಯ ನೀರು ತಂದೆವು. ನಮ್ಮ ಕಡೆ ಸೋಸದೆ ಯಾರೂ ನೀರು ತುಂಬುವುದಿಲ್ಲ. ಅಕ್ಕನ ಕೈ ತಾನಾಗಿಯೇ ಹಳೆ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಬಾಟಲಿಯ ಬಾಯಿಗೆ ಹಿಡಿಯಿತು. ಎರಡೂ ಕಡೆ ಅದೇ ಬಟ್ಟೆ. ಬಟ್ಟೆ ಒಣಗಿದರೂ ಅಮೀಬಾ ಚಿಪ್ಪು ಕಟ್ಟಿಕೊಂಡು ಅದರಲ್ಲೇ ಬದುಕಿದ್ದು ಮುಂದಿನ ನೀರಿಗೆ ಸೇರುತ್ತದೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಎರಡೂ ನೀರಿನ ಅಮೀಬಾಗಳ ಪಟ್ಟೆಗಳು ಒಂದೇ ಬಂದವು. ನನ್ನ ವಾದ ಬಿತ್ತು. ಬೀಳಲಿ, ವಿಚಾರ ಸಂಕಿರಣದಲ್ಲಿ ಎಲ್ಲರೆದುರು ಬಟ್ಟೆಯ ಮಾತೆತ್ತಿ ಇವಳ ಮಾನ ಕಳೆಯುತ್ತೇನೆಂದು ಕಾದೆ.

ಸಂಕಿರಣದಲ್ಲಿ ನಾನು ಮಾತಿಗೆ ಏಳುವ ಮೊದಲೇ ಅಕ್ಕ ಎದ್ದು ನಿಂತಳು. "ತಪ್ಪು ನಂದರಿ. ಸೋಸೋ ಬಟ್ಟಿ ಒಂದೇ ಇತ್ತು. ಅದರದೊಂದು ಎಳಿ ಅಮೀಬಾ ಬೆಳೆಸೋ ತಟ್ಟ್ಯಾಗ ಇಟ್ಟು ನೋಡಿದೆ, ಆಳಂದದ ಅಮೀಬಾನೇ ಎದ್ದು ಬಂತು. ಮತ್ತೊಮ್ಮೆ ಮಾಡ್ತೇನಿ."

ಸೋಸದೆ ತಂದ ನೀರಿನಲ್ಲಿ ನನ್ನ ಅಮೀಬಾ ಬೇರೆಯೇ ಎಂದು ಖಚಿತವಾಯಿತು. ಪ್ರಬಂಧದಲ್ಲಿ ಆಕೆ ನನ್ನ ಹೆಸರನ್ನು ತನ್ನದಕ್ಕಿಂತ ಮೇಲೆ ಬರೆದಳು. ಆಮೇಲೊಮ್ಮೆ ಕೇಳಿದಳು: "ಅವತ್ತ ನೀ ಬಾಜೂಕೇ ಇದ್ದೆಲ್ಲೋ, ಬಟ್ಟಿ ನೋಡಿದ್ದಿಲ್ಲೇನು?"

"ಇಲ್ಲಕ್ಕಾ, ನೋಡಿಲ್ಲ."

ಅರೆಗಣ್ಣಿನಿಂದ ನನ್ನನ್ನೇ ನೋಡಿ, "ಆತು ಬಾ, ಚಾ ಕುಡಿಯೂಣು," ಎಂದಳು.

ಕೆಲವು ವರ್ಷಗಳ ನಂತರ ಜೇವರ್ಗಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು. ಆಕೆ ಕಲಿಸಿದ ಹುಡುಗ ಹುಡುಗಿಯರೆಲ್ಲ ಬಂದು ಅಳುತ್ತಿದ್ದರು. ನನಗಾಗಿ ಇಷ್ಟು ಜನ ಬರುವುದಿಲ್ಲ ಎಂದು ಅಲ್ಲಿಯೂ ಹೊಟ್ಟೆ ಉರಿಯಿತು. ನನ್ನ ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ, "ನೋಡಿದ್ದೆ ಅಕ್ಕಾ," ಎಂದೆ.