ರಾಗವಾಗಿ ಎಣಿಸಿದ ಇಪ್ಪತ್ತು ಮಕ್ಕಳು

ನಾನು ಚಿಕ್ಕವನಿದ್ದಾಗ ಹರಿಹರದ ನಮ್ಮ ಶಿಶುವಿಹಾರದಲ್ಲಿ ಲೆಕ್ಕವೆಂದರೆ ಹಾಡು. ಅಕ್ಕೋರು, ಅಂದರೆ ನಮ್ಮ ಟೀಚರು, ಮೂಗಿನಲ್ಲಿ ರಾಗ ಎಳೆದು "ಒಂದೂ… ಎರಡೂ…" ಅಂದರೆ ನಾವೆಲ್ಲ ಹಿಂದೆಯೇ ಕಿರುಚಬೇಕು. ಆ ಮೂಗಿನ ರಾಗವನ್ನು ನಾನು ಎಷ್ಟು ಚೆನ್ನಾಗಿ ಕದ್ದಿದ್ದೆನೆಂದರೆ, ಕಣ್ಣು ಮುಚ್ಚಿ ಕೇಳಿದರೆ ಅಕ್ಕೋರು ಯಾರು, ನಾನು ಯಾರು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಹೇಳಿಕೊಡುವ ಕೆಲಸ ನನ್ನದೇ ಆಯಿತು. ನನ್ನ ತಂಗಿ ಮಾತ್ರ ಪ್ರತಿ ಅಂಕಿಗೂ ಒಂದೊಂದು ಬೆರಳು ಮಡಚಿ ನೋಡಿಕೊಂಡು ಹಿಂದೆ ಬೀಳುವಳು. ಅವಳನ್ನೂ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಇಷ್ಟೆಲ್ಲಾ ಪಂಡಿತನಾದ ನನ್ನ ಮುಂದೆ ಆರು ಹುಣಸೆಬೀಜ ಇಟ್ಟಿದ್ದರೆ ಒಂಬತ್ತು ಅನ್ನುತ್ತಿದ್ದೆ! ಯಾರೂ ಇಡಲಿಲ್ಲ, ಅಷ್ಟೇ.

ಒಂದು ದಿನ ಎಣಿಸಲು ಹರಳು ಬೇಕೆಂದು ಅಕ್ಕೋರು ನಮ್ಮನ್ನು ಹೊಳೆದಂಡೆಗೆ ಕರೆದೊಯ್ದರು. ತಲೆಗೆ ಹತ್ತು ಹರಳು. ಮರಳು ಕಾಲಿಗೆ ಬೆಚ್ಚಗಿತ್ತು, ಗಾಳಿಯಲ್ಲಿ ಸೋಪಿನ ವಾಸನೆ. ಹೊರಡುವಾಗ ಒಬ್ಬ ಹುಡುಗನ ಕಾಲಿಗೆ ಮುಳ್ಳು ಚುಚ್ಚಿತು. ಅದನ್ನು ತೆಗೆಯುತ್ತಾ ಅಕ್ಕೋರು, "ಏ ಪಂಡಿತಾ, ಇಪ್ಪತ್ತು ಜನಾನೂ ಅದಾರೇನು ಎಣಸಪ್ಪ" ಅಂದರು.

ನಾನು ಬೆರಳು ಚಾಚಿ ರಾಗ ಎತ್ತಿದೆ. ಬಾಯಿ ಓಡಿತು, ಬೆರಳು ಹಿಂದೆ ಕುಂಟಿತು. ಇಪ್ಪತ್ತಕ್ಕೆ ರಾಗ ಮುಗಿಯಿತು, ನಾನೂ ಮುಗಿಸಿದೆ.

"ಎಲ್ಲಾರೂ ಅದಾರ್ರಿ!"

ಶಾಲೆಗೆ ಬಂದು ಎಲ್ಲರೂ ತಂತಮ್ಮ ಸ್ಲೇಟಿನ ಮುಂದೆ ಕುಳಿತರು. ಒಂದು ಸ್ಲೇಟಿನ ಮುಂದೆ ಯಾರೂ ಇರಲಿಲ್ಲ. ಅದು ನನ್ನ ತಂಗಿಯದು.

ಅಕ್ಕೋರ ಮುಖ ಸುಣ್ಣದ ಗೋಡೆಯಂತಾಯಿತು. ಮಕ್ಕಳನ್ನು ಆಯಾಗೆ ಒಪ್ಪಿಸಿ ಅವರು ಓಡಿದರು, ಹಿಂದೆ ನಾನು. ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಕಟ್ಟಿದ್ದು ನೀರು, ಬರೀ ನೀರು. ಅಪ್ಪನಿಗೆ ಏನು ಹೇಳುವುದು? ದಂಡೆಯಲ್ಲಿ ನಿಂತು ಅವಳನ್ನು ಕೂಗಲು ಹೋದರೆ ನಾನು ಅಣಕಿಸುತ್ತಿದ್ದ ಯಾರ ದನಿಯೂ ಬರಲಿಲ್ಲ, ನನ್ನದೂ ಸಹ.

ಬಟ್ಟೆ ಒಗೆಯುವ ಬಂಡೆಯ ಮರೆಯಲ್ಲಿ ಅವಳು ಕೂತಿದ್ದಳು. ನೀರು ಪಾದ ಮುಟ್ಟುತ್ತಿತ್ತು. ಮಡಿಲಲ್ಲಿ ಹರಳು.

"ತಡೀರಿ ಅಕ್ಕೋರೆ, ಒಂಬತ್ತೇ ಆಗ್ಯಾವೆ. ಇನ್ನೊಂದು ಬೇಕು."

ಅಕ್ಕೋರು ಹೊಡೆಯಲಿಲ್ಲ. ಶಾಲೆಗೆ ಬಂದ ಮೇಲೆ, "ಈಗ ಎಣಸು. ರಾಗ ಬ್ಯಾಡ, ತಲೆ ಮುಟ್ಟಿ ಎಣಸು" ಅಂದರು. ಒಂದೊಂದೇ ತಲೆ ಮುಟ್ಟುತ್ತಾ ಹೋದೆ. ತಂಗಿಯ ತಲೆಗೆ ಬಂದಾಗ ಎಷ್ಟನೆಯದೆಂದೇ ಮರೆತು, ಮತ್ತೆ ಒಂದರಿಂದ ಶುರುಮಾಡಿದೆ.

ಈಗ, ಮೊಮ್ಮಕ್ಕಳೇ, ದಾವಣಗೆರೆಯ ನಿಮ್ಮ ಯುಕೆಜಿಯಲ್ಲಿ ಯಾರೂ ಹಾಗೆ ಕಿರುಚುವುದಿಲ್ಲ. ಮಿಸ್ಸು ಐದು ತಟ್ಟೆ ಕೊಟ್ಟು ಒಂದೊಂದರಲ್ಲೂ ಒಂದೊಂದು ಮಣಿ ಇಡಿಸುತ್ತಾರೆ, ಎಷ್ಟು ಹೊತ್ತಾದರೂ ಕಾಯುತ್ತಾರೆ. ಆದರೂ ಸಂಜೆ ವ್ಯಾನು ಬರುವ ಹೊತ್ತಿಗೆ ನಾನು ಮನೆಯ ಗೇಟಿನಲ್ಲಿ ಹಾಜರ್. "ತಾತಾ, ಆಯಾ ಎಣಿಸ್ಯಾಳೆ, ನೀ ಯಾಕ ದಿನಾ ಕಿಟಕಿಯಾಗೆ ಇಣುಕ್ತೀಯ?" ಎಂದು ನಗುತ್ತೀರಿ. ನಕ್ಕೊಳ್ಳಿ. ನೀವಿಬ್ಬರೂ ಕೆಳಗಿಳಿದು ನಿಲ್ಲುವವರೆಗೆ, ಎರಡು ಎಂಬುದೇ ನನಗೆ ಬಹಳ ದೊಡ್ಡ ಸಂಖ್ಯೆ.