ಕಾಪುವಿನ ಜಗಲಿಯಲ್ಲಿ ಐದು ಗಂಟೆ

ಮೂರೂವರೆಗೆ ಎದ್ದು ಚಾರ್ಜರಿನ ಸ್ವಿಚ್ಚು ಆರಿಸುವುದು. ಎಂಟು ಬ್ಯಾಟರಿಗಳ ನಲವತ್ತೆಂಟು ಮುಚ್ಚಳ ತಿರುಗಿಸಿ, ಟಾರ್ಚ್ ಬಿಟ್ಟು ಒಳಗೆ ನೋಡಿ, ನೀರು ಇಳಿದಲ್ಲಿ ಡಿಸ್ಟಿಲ್ಡ್ ವಾಟರ್ ತುಂಬುವುದು. ಚೆಲ್ಲಿದ ಆಸಿಡ್ ಮೇಲೆ ಸೋಡಾ ಪುಡಿ ಉದುರಿಸಿ ಒರೆಸುವುದು. ಕೈ ತೊಳೆದು, ಇನ್ನೊಮ್ಮೆ ತೊಳೆದು, ಕುಚ್ಚಲಕ್ಕಿ ಗಂಜಿಗೆ ಒಲೆ ಹೊತ್ತಿಸುವುದು. ಅತ್ತೆಯ ಸ್ನಾನಕ್ಕೆ ಹಂಡೆಗೆ ಬೆಂಕಿ. ದನ ಕರೆಯುವುದು. ಹಂದಿಗೂಡಿಗೆ ಅಕ್ಕಚ್ಚು ಸುರಿಯುವುದು. ಅದೇ ಟಾರ್ಚ್ ಹಿಡಿದು ಮಲ್ಲಿಗೆ ಗಿಡಗಳ ನಡುವೆ ಬಗ್ಗಿ ಮೊಗ್ಗು ಕೊಯ್ಯುವುದು, ಬಾಳೆನಾರಿನಲ್ಲಿ ಕಟ್ಟಿ, ಶಿರ್ವದ ಬಸ್ಸಿಗೆ ಕೊಡುವ ಚೀಲದಲ್ಲಿ ಇಡುವುದು. ಮಧ್ಯಾಹ್ನದ ಸಾರನ್ನೂ ಆಗಲೇ ಕುದಿಸಿ ಮುಚ್ಚುವುದು.

ಬೆಳ್ಮಣ್ಣಿನ ಬೆನೆಡಿಕ್ಟಾ ಶನಿವಾರಗಳಂದು ಇಷ್ಟನ್ನೂ ಬೆಳಕು ಹರಿಯುವ ಮೊದಲೇ ಮುಗಿಸುತ್ತಿದ್ದಳು. ಬೇರೆ ದಿನ ಇದೇ ಕೆಲಸ ಮಲಗುವವರೆಗೆ ಹರಡಿಕೊಂಡಿರುತ್ತಿತ್ತು. ಶನಿವಾರ ಅವಳಿಗೆ ಕಾರು ಓಡಿಸಲಿಕ್ಕಿತ್ತು.

ಕಾರು ಗಂಡ ಅಲೆಕ್ಸಾಂಡರನ ಕೈಕೆಲಸ. ಮುಂಬಯಿ ಬಂದರಿನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವನು, ಅಲ್ಲಿ ಸಾಮಾನು ಸಾಗಿಸುತ್ತಿದ್ದ ಬ್ಯಾಟರಿ ಗಾಡಿಯೊಂದರ ಹಳೆಯ ಮೋಟರನ್ನು ಊರಿಗೆ ತಂದು, ಕಾರ್ಕಳದ ಗುಜರಿಯಲ್ಲಿ ಸಿಕ್ಕ ಕಾರಿನ ಇಂಜಿನು ಕಿತ್ತು ಅಲ್ಲಿ ಕೂರಿಸಿದ್ದ. ಎಪ್ಪತ್ತೊಂಬತ್ತರಲ್ಲಿ ಅದು ಸದ್ದಿಲ್ಲದೆ ಗೇಟು ದಾಟಿದಾಗ ಊರಿಗೆ ಊರೇ ಬಂದು ನೋಡಿತು. ಮಣಿಪಾಲದಿಂದ ಪತ್ರಿಕೆಯವರೊಬ್ಬರು ಬಂದು ಬಾನೆಟ್ಟಿಗೆ ಒರಗಿದ ಅಲೆಕ್ಸಾಂಡರನ ಫೋಟೋ ತೆಗೆದರು. ಬೆನೆಡಿಕ್ಟಾ ಚಹಾ ತಂದಳು. ಅವಳ ಮನೆಸೀರೆಗಳಲ್ಲಿ ಮೊಣಕಾಲಿನ ಹತ್ತಿರ ಸಣ್ಣ ಸಣ್ಣ ತೂತು ಏಕೆ ಎಂದು ಯಾರೂ ಕೇಳಲಿಲ್ಲ.

ಮರುವರ್ಷ ಅಲೆಕ್ಸಾಂಡರ್ ಮಸ್ಕತ್ತಿಗೆ ಹೊರಟ. ಹೊರಡುವ ಮೊದಲು ಚರ್ಚಿನ ಮೈದಾನದಲ್ಲಿ ಹದಿನೈದು ದಿನ ಅವಳಿಗೆ ಕಾರು ಬಿಡಲು ಕಲಿಸಿದ. "ನಿನಗೆ ತಿರುಗಾಡಲಿಕ್ಕೆ ಅಂತ ಅಲ್ಲ. ಬ್ಯಾಟರಿ ಸುಮ್ಮನೆ ಕೂತರೆ ಸಾಯ್ತದೆ. ವಾರಕ್ಕೊಮ್ಮೆಯಾದರೂ ದೂರ ಓಡಬೇಕು," ಎಂದ.

ಕೂತರೆ ಸಾಯುವುದು ಬ್ಯಾಟರಿ ಎಂದು ಕೇಳಿ ಬೆನೆಡಿಕ್ಟಾಳಿಗೆ ನಗು ಬಂದಿತ್ತು. ತಾನು ಕೂತದ್ದು ಯಾವಾಗ ಎಂದು ಅವಳಿಗೆ ನೆನಪಿರಲಿಲ್ಲ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಅವಳು ಮತ್ತು ಅತ್ತೆ ಇಮೆಲ್ಡಾ ಇಬ್ಬರೇ. ಇಬ್ಬರ ನಡುವಿನ ಮಾತೆಲ್ಲ ಮಾಡಿದ ಕೆಲಸ, ಮಾಡದ ಕೆಲಸ ಅಷ್ಟರದ್ದೇ.

ದಾರಿಯಲ್ಲಿ ಸಿಕ್ಕವರು ಕೆಣಕುತ್ತಿದ್ದರು. "ಎಂತ ಬಾಯಮ್ಮ, ನಡುದಾರಿಯಲ್ಲಿ ಕರೆಂಟು ಮುಗಿದರೆ ಎಂತ ಮಾಡ್ತೀರಿ?"

"ನಿಮ್ಮ ಮನೆಯಲ್ಲಿ ಕರೆಂಟು ಹೋದರೆ ನೀವೆಂತ ಮಾಡ್ತೀರಿ? ಬೀಸಣಿಗೆ ಹಿಡಿದು ಕೂರುವುದಲ್ವಾ? ನಾನೂ ಅದೇ."

ಎಂಬತ್ತೊಂದರಲ್ಲಿ ಅಲೆಕ್ಸಾಂಡರನ ಕಾಗದ ಬಂತು. ಅವನ ಜೊತೆ ಕೆಲಸ ಮಾಡುವ ಕಾಪುವಿನ ಜಮಾಲುದ್ದೀನ್ ರಜೆಯಲ್ಲಿ ಬಂದಿದ್ದಾನೆ, ಅವನ ಕೈಯಲ್ಲಿ ಒಂದು ಕಟ್ಟು ಕಳಿಸಿದ್ದೇನೆ, ಹೋಗಿ ತೆಗೆದುಕೊ. ಕಾಗದದ ಕೊನೆಗೆ ಎಚ್ಚರಿಕೆಯೂ ಇತ್ತು: ಕಾಪುವಿಗೆ ಹದಿನೆಂಟು ಕಿಲೋಮೀಟರ್, ನಮ್ಮ ಕಾರು ಓಡುವುದು ಮೂವತ್ತು. ಹೋದರೆ ಬರಲು ಸಾಲದು. ಅವರ ಜಗಲಿಯಲ್ಲಿ ದೊಡ್ಡ ಪ್ಲಗ್ ಉಂಟಂತೆ, ಐದು ಗಂಟೆ ಹಾಕು.

ಆವತ್ತು ಜಮಾಲುದ್ದೀನ್ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಝೈನಬ್, ಬೆನೆಡಿಕ್ಟಾಳಿಗಿಂತ ಹತ್ತು ವರ್ಷ ಚಿಕ್ಕವಳು, ಕಟ್ಟನ್ನು ಕೊಟ್ಟಳು. ಇಸ್ತ್ರಿ ಪೆಟ್ಟಿಗೆಗೆಂದು ಹಾಕಿಸಿದ್ದ ಪ್ಲಗ್ಗನ್ನು ತೋರಿಸಿದಳು. ಕಾರಿನ ಡಿಕ್ಕಿಯಿಂದ ಹೊರಬಂದ ಚಾರ್ಜರಿನ ಕಬ್ಬಿಣದ ಪೆಟ್ಟಿಗೆ ಗುಂಯ್ ಎನ್ನತೊಡಗಿದಾಗ ಎರಡು ಹೆಜ್ಜೆ ಹಿಂದೆ ಸರಿದಳು.

"ಎಷ್ಟು ಹೊತ್ತು ಬೇಕು ಬಾಯಮ್ಮ ಇದಕ್ಕೆ?"

"ಐದು ಗಂಟೆ."

"ಅಷ್ಟೂ ಹೊತ್ತು ನೀವು ಇಲ್ಲಿ ಕೂರುವುದಾ?" ಝೈನಬ್ ಬಾಯಿಗೆ ಸೆರಗು ಒತ್ತಿ ನಕ್ಕಳು. "ಅಲ್ಲಾ, ನಾನು ಮದುವೆಯಾದ ಮೇಲೆ ಐದು ಗಂಟೆ ಒಟ್ಟಿಗೆ ಕೂತದ್ದು ಬಾಣಂತನದಲ್ಲಿ ಮಾತ್ರ. ಅದೂ ಮಲಗಿಕೊಂಡು."

ಬೆನೆಡಿಕ್ಟಾ ಅರ್ಧ ಗಂಟೆ ಕೂತಳು. ಆಮೇಲೆ ಕೈ ತಾನಾಗಿ ಹತ್ತಿರದಲ್ಲಿದ್ದ ಮೊರವನ್ನು ಎಳೆದುಕೊಂಡು ಅಕ್ಕಿಯ ಕಲ್ಲು ಹೆಕ್ಕತೊಡಗಿತು. ಝೈನಬ್ ಮೊರ ಕಸಿದಳು. "ಇಡಿ ಅದನ್ನು. ನೀವು ಕೂತರೆ ನಾನೂ ಕೂರಬಹುದು. ಮನೆಗೆ ಬಂದವರನ್ನು ಒಬ್ಬರೇ ಬಿಡಲಿಕ್ಕಾಗ್ತದಾ? ನಾದಿನಿಯರು ಬಂದು ಕೇಳಿದರೆ ಅದನ್ನೇ ಹೇಳ್ತೇನೆ."

ಹೀಗೆ ಅದು ಶನಿವಾರದ ಪದ್ಧತಿಯಾಯಿತು. ಕಾರು ದೂರ ಓಡಬೇಕು ಎಂದು ಗಂಡನೇ ಹೇಳಿದ್ದಾನೆ. ಕಾರು ತುಂಬುವ ತನಕ ಬರಲಿಕ್ಕಾಗುವುದಿಲ್ಲ ಎಂದೂ ಅವನೇ ಬರೆದಿದ್ದಾನೆ. ಇಮೆಲ್ಡಾ ಮಾತ್ರ "ಹೊಟ್ಟೆ ತುಂಬಿಸಲು ಹೋದದ್ದು ಕಾರೋ ನೀನೋ?" ಎಂದು ಪ್ರತಿ ಶನಿವಾರ ಸಂಜೆ ಕೇಳುವಳು, ಅಷ್ಟೇ.

ಜಗಲಿಯಲ್ಲಿ ಇಬ್ಬರೂ ಒಂದೇ ಚಾಪೆಯಲ್ಲಿ ಅಡ್ಡಾಗುತ್ತಿದ್ದರು. ಝೈನಬ್ ಮಟ್ಟುಗುಳ್ಳ ಬದನೆ ಹಾಕಿ ಮೀನು ಬೇಯಿಸಿರುತ್ತಿದ್ದಳು, ಅಕ್ಕಿಯ ಪತ್ತಿರ್ ರೊಟ್ಟಿ ಇರುತ್ತಿತ್ತು. ಊಟದ ಪಾತ್ರೆಗಳನ್ನು ಸಂಜೆವರೆಗೆ ಮುಟ್ಟಬಾರದೆಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಹೆಚ್ಚು ಮಾತಾಡುತ್ತಿದ್ದರು ಎಂದೇನಲ್ಲ. ಒಂದು ಶನಿವಾರ ಬೆನೆಡಿಕ್ಟಾಳಿಗೆ ನಿದ್ದೆಯೇ ಬಂದುಬಿಟ್ಟಿತು. ಎದ್ದಾಗ ತಲೆಯಡಿಯಲ್ಲಿ ದಿಂಬಿತ್ತು. ಅದನ್ನು ಇಟ್ಟದ್ದು ಗೊತ್ತಾಗದಷ್ಟು ಗಾಢ ನಿದ್ದೆ. ಹಗಲಲ್ಲಿ ಅವಳ ತಲೆಯಡಿಗೆ ಯಾರಾದರೂ ದಿಂಬು ಇಟ್ಟದ್ದು ತಾಯಿ ತೀರಿಕೊಂಡ ಮೇಲೆ ಅದೇ ಮೊದಲು.

ನಿಜ ಹೇಳಬೇಕೆಂದರೆ ಬ್ಯಾಟರಿಗೆ ಐದು ಗಂಟೆ ಬೇಕಿರಲಿಲ್ಲ. ಆಸಿಡ್ಡನ್ನು ಹೀರಿ ಚಾರ್ಜು ತೋರಿಸುವ ಗಾಜಿನ ಕೊಳವೆಯೊಂದಿತ್ತು, ಹೈಡ್ರೋಮೀಟರ್. ಒಳಗಿನ ತೇಲುಗುಂಡು ಹಸಿರು ಗೆರೆಗೆ ಏರಿದರೆ ತುಂಬಿತು ಎಂದರ್ಥ. ಅದು ಮೂರೂವರೆ ಗಂಟೆಯೊಳಗೇ ಏರುತ್ತಿತ್ತು.

"ನಿಮ್ಮ ಗಾಜಿನ ಕೋಲು ಎಂತ ಹೇಳ್ತದೆ?" ಝೈನಬ್ ಮಲಗಿದಲ್ಲಿಂದಲೇ ಕೇಳುವಳು.

"ಕೋಲು ನಾನು ಹೇಳಿದ ಹಾಗೆ ಹೇಳ್ತದೆ."

ಆರು ವರ್ಷ ಹೀಗೆ ನಡೆಯಿತು. ಬ್ಯಾಟರಿಗಳನ್ನು ನಡುವೆ ಒಮ್ಮೆ ಬದಲಾಯಿಸಿದ್ದಾಯಿತು. ಅವೂ ಹಳತಾಗಿ ಮೂವತ್ತು ಕಿಲೋಮೀಟರ್ ಇಪ್ಪತ್ತಕ್ಕೆ ಇಳಿಯಿತು. ಮೊದಲು ಉಡುಪಿಯ ಕಡೆಯ ಯೋಚನೆ ಬಿಟ್ಟುಹೋಯಿತು, ಆಮೇಲೆ ಹತ್ತಿರದ ಸಂತೆಗಳೂ ತಪ್ಪಿದವು. ಕಾಪು ಮಾತ್ರ ಉಳಿಯಿತು, ಏಕೆಂದರೆ ಅಲ್ಲಿ ಪ್ಲಗ್ ಇತ್ತು.

ಎಂಬತ್ತೇಳರ ಜನವರಿಯಲ್ಲಿ ಝೈನಬ್ ಹೇಳಿದಳು: "ಇವರಿಗೆ ಫ್ಯಾಮಿಲಿ ವೀಸಾ ಸಿಕ್ಕಿತು ಬಾಯಮ್ಮ. ಮಂಗಳವಾರ ನಾನೂ ಮಕ್ಕಳೂ ಹೊರಡುವುದು." ಸಂತೋಷದ ಸುದ್ದಿ, ಇಬ್ಬರೂ ಸಂತೋಷದ ಮುಖವನ್ನೇ ಮಾಡಿಕೊಂಡರು. "ಮೇನ್ ಸ್ವಿಚ್ಚು ತೆಗೆಯುವುದಿಲ್ಲ. ತೆಂಗಿಗೆ ಪಂಪು ಹಾಕಲಿಕ್ಕೆ ಅಂಗಡಿಯ ಬೀರಾನ್ ಬರ್ತಾರೆ. ಚಾಪೆ ಅಲ್ಲಿ ಅಡ್ಡಪಟ್ಟಿಯ ಮೇಲೆ ಉಂಟು."

ಬೆನೆಡಿಕ್ಟಾ ಮನೆಯಲ್ಲಿ ಈ ಸುದ್ದಿ ಹೇಳಲಿಲ್ಲ. ಹೇಳಿದರೆ ಶನಿವಾರವೂ ಹೋಗುತ್ತದೆ.

ಆದರೆ ಅದೇ ವಾರ ಅಲೆಕ್ಸಾಂಡರನ ಕಾಗದ ಬಂತು. ಮುಂಬಯಿಯಿಂದ ಹೊಸ ಬ್ಯಾಟರಿ ತರಿಸಿದ್ದೇನೆ, ತಮ್ಮ ರೇಮಂಡ್ ಶನಿವಾರ ಮೂರು ಗಂಟೆಗೆ ತಂದು ಜೋಡಿಸುತ್ತಾನೆ. ಐವತ್ತು ಕಿಲೋಮೀಟರ್ ಓಡುತ್ತದೆ. ಇನ್ನು ನೀನು ಎಲ್ಲಿಯೂ ಕಾಯಬೇಕಾಗಿಲ್ಲ.

ಪಾಪ, ಉಪಕಾರವೆಂದೇ ಬರೆದದ್ದು. ಬೆನೆಡಿಕ್ಟಾ ಆ ಕೊನೆಯ ಸಾಲನ್ನು ಮೂರು ಸಲ ಓದಿದಳು.

ಶನಿವಾರ ಅವಳು ಎಂದಿನಂತೆ ಮೂರೂವರೆಗೆ ಎದ್ದಳು. ಇಂದು ಕಿತ್ತು ಹಾಕುವ ಬ್ಯಾಟರಿಗಳ ನಲವತ್ತೆಂಟು ಮುಚ್ಚಳಗಳನ್ನೂ ತೆರೆದು ನೋಡಿದಳು. ಎಂಟು ಗಂಟೆಗೆ ಕೀಲಿ ತೆಗೆದುಕೊಂಡಾಗ ಇಮೆಲ್ಡಾ ಬಾಗಿಲಲ್ಲಿ ನಿಂತಿದ್ದಳು.

"ಮೂರಕ್ಕೆ ರೇಮಂಡ್ ಬರ್ತಾನೆ. ಅವನಿಗೆ ಚಹಾ, ತಿಂಡಿ ಆಗಬೇಕು. ಬೇಗ ಬಾ."

"ಬ್ಯಾಟರಿ ತುಂಬಿದ ಮೇಲೆ ಬರುವುದು ಮಾಂಯ್."

"ಹೇಳು, ಹೇಳು. ಆ ಮಾತು ಹೇಳಲಿಕ್ಕೆ ಇವತ್ತೊಂದೇ ದಿನ."

ಕಾಪುವಿನ ಮನೆಗೆ ಬೀಗ ಬಿದ್ದಿತ್ತು. ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಜೊತೆಯೂ ಇರಲಿಲ್ಲ. ಚಾರ್ಜರನ್ನು ಎಳೆದು ತಂದು ಪ್ಲಗ್ಗಿಗೆ ಹಾಕಿ ಸ್ವಿಚ್ಚು ಒತ್ತಿದಳು. ಕರೆಂಟು ಇಲ್ಲದಿದ್ದರೆ ಹಿಂತಿರುಗಲು ದಾರಿಯಿಲ್ಲ. ಪೆಟ್ಟಿಗೆ ಗುಂಯ್ ಎಂದಿತು. ಮುಚ್ಚಿದ ಮನೆಯ ಜಗಲಿಯಲ್ಲಿ ಆ ಸದ್ದು ಮೊದಲಿಗಿಂತ ದೊಡ್ಡದಾಗಿ ಕೇಳಿತು.

ಅವಳಿಗೆ ಕೂರಲಾಗಲಿಲ್ಲ. ಮೂಲೆಯಲ್ಲಿ ಹಿಡಿಸೂಡಿ ಕಂಡಿತು, ಜಗಲಿ ಗುಡಿಸಿದಳು. ಮೆಟ್ಟಿಲು ಗುಡಿಸಿದಳು. ಅಂಗಳದ ತರಗೆಲೆ ಒಟ್ಟುಮಾಡಿದಳು. ನಾಲ್ಕು ದಿನದಿಂದ ಯಾರೂ ಮೆಟ್ಟದ ಅಂಗಳ. ಮೊರ ಕಸಿಯುವವರಿಲ್ಲದೆ ಹಿಡಿಸೂಡಿ ತಾನಾಗಿ ಇಡೀ ಮನೆಗೆ ಸುತ್ತು ಬಂದಿತು. ಹಿತ್ತಿಲ ಬಾಗಿಲ ಹತ್ತಿರ ಅವಳು ನಿಂತಳು. ಯಾರಿಗಾಗಿ ಗುಡಿಸುತ್ತಿದ್ದೇನೆ ಎಂದು ಯೋಚಿಸಿ, ಅದನ್ನು ಗೋಡೆಗೆ ಒರಗಿಸಿ ಬಂದಳು.

ಹನ್ನೆರಡೂವರೆಗೆ ಹೈಡ್ರೋಮೀಟರ್ ಹಾಕಿದಳು. ಎಂಟೂ ಬ್ಯಾಟರಿಗಳಲ್ಲಿ ಗುಂಡು ಹಸಿರು ಗೆರೆಗೆ ಏರಿತ್ತು. ಈಗ ಹೊರಟರೆ ಎರಡು ಗಂಟೆಗೆ ಮೊದಲೇ ಮನೆ. ಒಲೆ ಹೊತ್ತಿಸಿ ರೇಮಂಡನಿಗೆ ತಿಂಡಿ ಮಾಡಲು ಬೇಕಾದಷ್ಟು ಸಮಯ.

ಅವಳು ಪ್ಲಗ್ ಕಿತ್ತಳು, ವಯರು ಸುತ್ತಿದಳು, ಚಾರ್ಜರನ್ನು ಡಿಕ್ಕಿಗೆ ಹಾಕಿ ಮುಚ್ಚಿದಳು. ಮತ್ತೆ ಮೆಟ್ಟಿಲು ಹತ್ತಿ ಅಡ್ಡಪಟ್ಟಿಯ ಮೇಲಿನ ಚಾಪೆ ಇಳಿಸಿದಳು.

ಪಂಪು ಆರಿಸಲು ಬಂದ ಬೀರಾನ್ ತೋಟದ ಕಡೆಯಿಂದ ಇಣುಕಿದರು. "ಎಂತ ಬಾಯಮ್ಮ, ಇನ್ನೂ ತುಂಬಲಿಲ್ವಾ?"

ಇಲ್ಲ ಎನ್ನುವುದು ಆರು ವರ್ಷದ ಅಭ್ಯಾಸ. ನಾಲಗೆಯ ತುದಿಗೆ ಬಂದೂ ಇತ್ತು.

"ತುಂಬಿತು," ಎಂದಳು ಬೆನೆಡಿಕ್ಟಾ. "ನಾನು ಸ್ವಲ್ಪ ಹೊತ್ತು ಕೂರ್ತೇನೆ."

"ಮನೆಯಲ್ಲಿ ಯಾರೂ ಇಲ್ವಲ್ಲ ಮಾರಾಯ್ರೆ."

"ಗೊತ್ತುಂಟು."

ಬೀರಾನ್ ಒಮ್ಮೆ ಕಾರನ್ನೂ ಒಮ್ಮೆ ಅವಳನ್ನೂ ನೋಡಿ ಅಂಗಡಿಗೆ ಹೋದರು. ಅವಳು ಚಾಪೆ ಬಿಡಿಸಿ, ಯಾವಾಗಲೂ ಮಲಗುತ್ತಿದ್ದ ಬದಿಯಲ್ಲೇ, ಕೈಯನ್ನು ತಲೆಯಡಿಗೆ ಇಟ್ಟುಕೊಂಡು ಅಡ್ಡಾದಳು. ಗಂಟೆ ಒಂದಾಗಲು ಇನ್ನೂ ಹತ್ತು ನಿಮಿಷವಿತ್ತು.