ಸೋಸಿದ ಮಳೆಯ ನಾಲ್ಕು ವರ್ಷ

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಸಾಗರದ ಹಳೆಯ ಬಡಾವಣೆಯೊಂದರ ತಾರಸಿಯಲ್ಲಿ ಸುಚಿತ್ರಾ ಆಲಿಕೆಯ ಕೆಳಗಿನ ಬಾಟಲಿಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಒಳಗಿರುವುದು ನಿನ್ನೆ ಸುರಿದ ಮಳೆ, ಮುಕ್ಕಾಲು ಲೋಟದಷ್ಟು. ಚೀಟಿಯ ಮೇಲೆ ಸೀಸದ ಕಡ್ಡಿಯಲ್ಲಿ ತಾರೀಖು ಬರೆಯುತ್ತಾರೆ. ಪೆನ್ನಿನ ಶಾಯಿ ಇಳಿದರೆ ನೀರು ಕೆಟ್ಟಂತೆ.

"ಒಗ್ಗರಣೆ ಹಾಕಿದ ಕೈಯಲ್ಲಿ ಇದನ್ನ ಮುಟ್ಟಂಗಿಲ್ಲ. ಬೆವರೂ ತಾಗಂಗಿಲ್ಲ. ಉಪ್ಪು ಅಂದ್ರೆ ನನಗೆ ವೈರಿ," ಎನ್ನುತ್ತ ಗವಸು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಆಲಿಕೆಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆಯುತ್ತಾರೆ, ಒಂದಲ್ಲ ಎರಡಲ್ಲ, ಮೂರು ಸಲ. ತೊಳೆದದ್ದನ್ನು ಮೆಟ್ಟಿಲ ಬಳಿಯ ಮಾಡಿನಡಿ ಹಳೆಯ ದಿನಪತ್ರಿಕೆಯ ಮೇಲೆ ಬೋರಲು ಹಾಕುತ್ತಾರೆ. ಆ ಪುಟದಲ್ಲಿ ಕೋಟು ತೊಟ್ಟವರೊಬ್ಬರ ದೊಡ್ಡ ಫೋಟೊ ಇದೆ. ಆಲಿಕೆಯ ಹನಿ ಸರಿಯಾಗಿ ಅವರ ಹಣೆಯ ಮೇಲೆ ಬೀಳುತ್ತದೆ.

"ಬೇಕಂತಲೇ ಆ ಪುಟ. ಸುಳ್ಳೆಂತಕ್ಕೆ ಹೇಳ್ಲಿ?"

ಫೋಟೊದಲ್ಲಿರುವವರು ನಿರಂಜನ, ತೀರ್ಥಹಳ್ಳಿಯವರು. ಶುಕ್ರಗ್ರಹದ ವಾತಾವರಣ ಅಳೆಯುವ ಉಪಕರಣವೊಂದರ ತಂಡಕ್ಕೆ ಈಗ ಅವರೇ ಮುಖ್ಯಸ್ಥರು. ಇಪ್ಪತ್ತೈದು ವರ್ಷಗಳ ಹಿಂದೆ ಸುಚಿತ್ರಾ ಶುಕ್ರನ ಮೋಡಗಳಲ್ಲಿ ಕ್ಲೋರಿನ್ನಿನ ಪಾತ್ರದ ಮೇಲೆ ಸಂಶೋಧನೆ ನಡೆಸುತ್ತಿದ್ದಾಗ, ಅದೇ ಪ್ರಯೋಗಾಲಯಕ್ಕೆ ಎರಡು ವರ್ಷ ಕಿರಿಯನಾಗಿ ಬಂದ ಹುಡುಗ. ಯಂತ್ರ ನಡೆಸುವುದನ್ನು, ಗಾಜು ತೊಳೆಯುವುದನ್ನು ಕಲಿಸಿದವರು ಸುಚಿತ್ರಾ. ಕೊನೆಗೆ ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕಿದರು. ಹುದ್ದೆ ನಿರಂಜನರಿಗೆ ಸಿಕ್ಕಿತು. ಸುಚಿತ್ರಾ ಊರಿಗೆ ಬಂದು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಲು ನಿಂತರು.

"ಶುಕ್ರನ ಮೋಡ ಕೈಗೆ ಸಿಗ್ಲಿಲ್ಲ. ಸಾಗರದ ಮೋಡ ಸಿಕ್ತು. ಇದನ್ನೇ ಹಿಡ್ಕೊಂಡೆ."

ಹಿಡಿದುಕೊಂಡು ಹತ್ತೊಂಬತ್ತು ವರ್ಷವಾಗಿದೆ. ಮಳೆ ಹಿಡಿಯುವ ಆಲಿಕೆಗಳು ಮೂರು ಕಡೆ ಇವೆ: ಸಾಗರದಲ್ಲಿ ತಮ್ಮ ತಾರಸಿ, ಹೊಸನಗರ ತಾಲ್ಲೂಕಿನ ಹುಂಚದ ಬಳಿ ನಿವೃತ್ತ ಮೇಷ್ಟ್ರು ಶಾಂತರಾಜ ಅವರ ಮನೆ, ತೀರ್ಥಹಳ್ಳಿಯಲ್ಲಿ ಒಂದು ಮುದ್ರಣಾಲಯದ ಮಾಡು. ಒಂದೊಂದು ಕಡೆಯೂ ವರ್ಷಕ್ಕೆ ನೂರಹದಿನೈದು ಬಾಟಲಿಯ ಆಸುಪಾಸು. ಈವರೆಗೆ ಆರೂವರೆ ಸಾವಿರ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ರಿಪ್ಪನ್‌ಪೇಟೆ, ಹುಂಚ, ಕೋಣಂದೂರು ದಾಟಿ ತೀರ್ಥಹಳ್ಳಿ ತಲುಪಿ, ವಾರದ ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ಸಂಜೆಗೆ ಮರಳುತ್ತಾರೆ. ಹೊಸ ಕಂಡಕ್ಟರ್ ಬಂದಾಗಲೆಲ್ಲ ಒಂದೇ ಪ್ರಶ್ನೆ.

"ಎಂತ ಮೇಡಂ, ಮೀನಾ?"

"ಅಲ್ಲಪ್ಪ, ಮಳೆ."

ನೀರಿನಲ್ಲಿ ಕರಗಿದ್ದನ್ನು ಅಳೆಯುವ ಯಂತ್ರ ಅವರ ಕಾಲೇಜಿನಲ್ಲಿಲ್ಲ. ರಜೆಯಲ್ಲಿ ಶಿವಮೊಗ್ಗಕ್ಕೆ ಹೋಗಿ, ಬೇರೆಯವರ ಯಂತ್ರ ಬಿಡುವಾದಾಗ ಕೂರುತ್ತಾರೆ. ಬಂದ ಅಂಕಿಗಳನ್ನು ಯಾರು ಕೇಳಿದರೂ ಕೊಡುತ್ತಾರೆ. ಮೂರು ವರ್ಷಗಳ ಹಿಂದೆ ನಿರಂಜನ ಕೇಳಿದರು.

ಸಮುದ್ರದಿಂದ ಬರುವ ಮೋಡ ಉಪ್ಪನ್ನು ಹೊತ್ತು ತರುತ್ತದೆ. ಉಪ್ಪೆಂದರೆ ಸೋಡಿಯಂ ಮತ್ತು ಕ್ಲೋರೈಡ್. ಎರಡೂ ಹೆಚ್ಚುಕಡಿಮೆ ಸಮುದ್ರದಲ್ಲಿರುವ ಪ್ರಮಾಣದಲ್ಲೇ ಮಳೆಯಲ್ಲೂ ಇಳಿಯಬೇಕು. ಹುಂಚದ ಮಳೆಯಲ್ಲಿ ಮಾತ್ರ ಅದಕ್ಕೂ ಒಂದು ವರ್ಷ ಮೊದಲಿನಿಂದ ಸೋಡಿಯಮ್ಮಿನ ಪಕ್ಕ ಕ್ಲೋರೈಡ್ ತೀರಾ ಕಡಿಮೆ ಕಾಣಿಸತೊಡಗಿತ್ತು. ದಾರಿಯಲ್ಲೇ ಆಮ್ಲ ತಗುಲಿ ಕ್ಲೋರಿನ್ ಗಾಳಿಗೆ ಹಾರಿಹೋಗುತ್ತಿದೆ, ಶುಕ್ರನ ಮೋಡಗಳ ಒಗಟಿಗೂ ಇಲ್ಲೊಂದು ಸುಳಿವಿದೆ ಎಂದು ನಿರಂಜನ ಪ್ರಬಂಧ ಬರೆದರು. ಎರಡನೆಯ ಹೆಸರಾಗಿ ಸುಚಿತ್ರಾ ಅವರ ಹೆಸರನ್ನೂ ಹಾಕಿ ಕರಡು ಕಳಿಸಿದರು.

ಸುಚಿತ್ರಾ ತಮ್ಮ ಹೆಸರು ತೆಗೆಯುವಂತೆ ಉತ್ತರ ಬರೆದರು.

"ನಾನು ಗಾಜು ತೊಳೆಯಕ್ಕೆ ಕಲಿಸಿದವನ ಹಿಂದೆ ನಿಂತ್ಕೊಳ್ಳೋದಾ ಅನ್ನಿಸ್ತು. ಹೊಟ್ಟೆಕಿಚ್ಚು, ಬೇರೆ ಹೆಸರಿಲ್ಲ ಅದಕ್ಕೆ. ಪ್ರಬಂಧ ಬಂತು. ಜನ ಹೊಗಳಿದ್ರು. ಪೇಪರಲ್ಲಿ ಫೋಟೊ ಬಂತು. ಆವತ್ತು ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆ."

ಈ ವರ್ಷ ಜೂನ್ ತಿಂಗಳ ಒಂದು ಭಾನುವಾರ ಹುಂಚದಲ್ಲಿ ಇಳಿಯುವಾಗಲೇ ಮಳೆ ಹೊಡೆದಿತ್ತು. ಎಂದಿನಂತೆ ಜಗುಲಿಯಲ್ಲಿ ಬಾಟಲಿ ತೆಗೆದುಕೊಂಡು ಹೊರಡದೆ, ತಾವೇ ತಾರಸಿ ಹತ್ತಿದರು. ಶಾಂತರಾಜ ಅವರಿಗೆ ಮಂಡಿನೋವು ಬಂದ ಮೇಲೆ, ನಾಲ್ಕು ವರ್ಷದಿಂದ ಮೇಲಿನ ಕೆಲಸವನ್ನೆಲ್ಲ ಅವರ ಹೆಂಡತಿ ಜಿನಮತಿ ಅಮ್ಮನೇ ಮಾಡುತ್ತಿದ್ದಾರೆ. ಜೈನರಾದ, ಎಪ್ಪತ್ತು ದಾಟಿದ ಆಕೆ ಬಿಳಿ ಬಟ್ಟೆಯನ್ನು ಎರಡು ಪದರ ಮಡಚಿ ಬಾಟಲಿಯ ಬಾಯಿಗೆ ಕಟ್ಟುತ್ತಿದ್ದರು.

"ಅಮ್ಮ, ಇದೆಂತ ಮಾಡ್ತಿದೀರಿ?"

"ಗಾಳಿಸ್ತಿದೀನಿ ಮಗಾ. ಸೋಸದೇ ಇರೋ ನೀರನ್ನ ನೀನು ಮಷೀನಿಗೆ ಹಾಕಿದ್ರೆ ಆ ಜೀವಗಳ ಪಾಪ ಯಾರಿಗೆ? ನಿನಗೇ ಅಲ್ವಾ? ಸೋಸಿ, ಬಟ್ಟೇನ ಮತ್ತೆ ಮಳೆಗೇ ಹಿಡಿದು ಅವನ್ನ ಬಿಟ್ಬಿಡ್ತೀನಿ."

"ಬಟ್ಟೆ ಎಂತದ್ರಲ್ಲಿ ತೊಳೀತೀರಿ?"

"ವಾಷಿಂಗ್ ಸೋಡಾ ಹಾಕಿ ಕುದಿಸ್ತೀನಿ. ಕೊಳಕು ಬಟ್ಟೇಲಿ ನಿನ್ನ ನೀರು ಸೋಸ್ತೀನಾ?"

ವಾಷಿಂಗ್ ಸೋಡಾದಲ್ಲಿ ಸೋಡಿಯಂ ಉಂಟು, ಕ್ಲೋರೈಡ್ ಇಲ್ಲ. ಅಂದರೆ ಮಳೆಯಲ್ಲಿ ಕ್ಲೋರೈಡ್ ಕಡಿಮೆಯಾಗಿರಲಿಲ್ಲ, ಬಟ್ಟೆಯಿಂದ ಸೋಡಿಯಂ ಹೆಚ್ಚಾಗಿತ್ತು. ಕೆಳಗಿನಿಂದ ಶಾಂತರಾಜ ಕೂಗಿದರು: "ನನಗೆ ಎರಡು ದಿನ ಕೂರಿಸಿ ಪಾಠ ಹೇಳಿದ್ರಿ ಮೇಡಂ. ಇವಳಿಗೆ ಯಾರು ಹೇಳಿದ್ರು?"

ಹೇಳಬೇಕಾದವರು ತಾವೇ ಎಂದು ಸುಚಿತ್ರಾ ಅವರಿಗೆ ಗೊತ್ತು. ಆದರೂ ಅಂದು ಬಸ್ಸಿನಲ್ಲಿ ಅವರ ಮನಸ್ಸು ಹಗುರವಾಗಿತ್ತು. ಬಟ್ಟೆಯ ತುಂಡೊಂದನ್ನು ಕೇಳಿ ತಂದಿದ್ದರು. ಅದರ ಮೂಲಕ ಶುದ್ಧ ನೀರು ಹಾಯಿಸಿ ಅಳೆದರು. ಹೆಚ್ಚಾಗಿದ್ದ ಸೋಡಿಯಂ ಅಲ್ಲೇ ಕಂಡಿತು. ನಿರಂಜನರ ಹೆಸರಾಂತ ಪ್ರಬಂಧ ನಿಂತಿದ್ದುದು ಒಂದು ಮೊಳ ಬಟ್ಟೆಯ ಮೇಲೆ.

"ಹನ್ನೊಂದು ದಿನ ಯಾರಿಗೂ ಹೇಳ್ಲಿಲ್ಲ. ಹನ್ನೊಂದು ದಿನ ಸುಖವಾಗಿದ್ದೆ. ಪಾತ್ರೆ ತೊಳೀತಾ ಹಾಡು ಹೇಳ್ತಿದ್ದೆ. ಅವನು ಬೀಳೋದನ್ನ ನೆನೆಸ್ಕೊಂಡು."

ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ನೇರವಾಗಿ ಒಂದು ಪತ್ರ ಬರೆದರೆ ಸಾಕಿತ್ತು. ಆದರೆ ಪ್ರಬಂಧ ಬೀಳಬೇಕಾದರೆ ಹುಂಚದ ಅಂಕಿ ಬೀಳಬೇಕು. ಹುಂಚದ್ದು ಬಿದ್ದರೆ ಉಳಿದೆರಡು ಊರಿನ ಹತ್ತೊಂಬತ್ತು ವರ್ಷವನ್ನೂ ಜನ ಅನುಮಾನದಿಂದ ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಇನ್ನೊಂದು. "ಹೆಸರು ತೆಗೆಸಿದ ಮೇಲೆ ಆ ಅಂಕಿ ನನಗೆ ಸಂಬಂಧವೇ ಇಲ್ಲ ಅನ್ನೋ ಹಾಗೆ ಇದ್ದೆ. ಹೆಸರು ಇದ್ದಿದ್ರೆ ಒಂದ್ಸಲ ತಾರಸಿ ಹತ್ತಿ ನೋಡ್ತಿದ್ದೆ. ಅಮ್ಮನ ಬಟ್ಟೆಗಿಂತ ಜಾಸ್ತಿ ನೀರು ಕೆಡಿಸಿದ್ದು ನಾನು."

ಹನ್ನೆರಡನೆಯ ದಿನ ಫೋನ್ ಮಾಡಿದರು.

"ನಿರಂಜನ, ನಿನ್ನ ಕ್ಲೋರಿನ್ ಎಲ್ಲೂ ಹೋಗಿಲ್ಲ ಮಾರಾಯ. ಹುಂಚದ ಅಮ್ಮ ಮಳೆ ಸೋಸಿದಾರೆ, ಸೋಡಾ ಹಾಕಿ ಒಗೆದ ಬಟ್ಟೇಲಿ."

ನಿರಂಜನ ಮೊದಲು ಕೇಳಿದ್ದು ಪ್ರಬಂಧದ ಬಗ್ಗೆ ಅಲ್ಲ.

"ಅಕ್ಕಾ, ಅಮ್ಮನ್ನ ಬೈದ್ಯಾ?"

"ಇಲ್ಲ."

"ಸದ್ಯ. ಬೈಬೇಡ."

"ಅದಕ್ಕೂ ಹೊಟ್ಟೆ ಉರೀತು ನೋಡಿ," ಎಂದು ಸುಚಿತ್ರಾ ನಗುತ್ತಾರೆ. "ನನ್ನನ್ನ ಬೈದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಒಳ್ಳೇತನದಲ್ಲೂ ಅವನೇ ಮುಂದಾ?"

ಪ್ರಬಂಧ ಹಿಂಪಡೆಯುವ ಟಿಪ್ಪಣಿಯನ್ನು ತಾವೊಬ್ಬರೇ ಬರೆಯುವುದಾಗಿ ನಿರಂಜನ ಹೇಳಿದರು. ಅಕ್ಕನ ಹೆಸರು ಅದರಲ್ಲಿರಲಿಲ್ಲವಲ್ಲ, ತೊಂದರೆ ಏಕೆ ಎಂದರು. ಸುಚಿತ್ರಾ ಒಪ್ಪಲಿಲ್ಲ. "ಈ ಸಲ ನನ್ನ ಹೆಸರು ಹಾಕು. ಮೊದಲು ಹಾಕು," ಎಂದರು. ಆಗಸ್ಟಿನಲ್ಲಿ ಅರ್ಧ ಪುಟದ ಆ ಟಿಪ್ಪಣಿ ಪ್ರಕಟವಾಯಿತು. ಇಬ್ಬರ ಹೆಸರೂ ಜೊತೆಯಾಗಿ ಅಚ್ಚಾಗಿರುವುದು ಅದೊಂದರಲ್ಲೇ.

ಹುಂಚದ ನಾಲ್ಕು ವರ್ಷದ ಅಂಕಣಗಳಿಗೆ ಈಗ ಅಡ್ಡಗೆರೆ ಬಿದ್ದಿದೆ. ಸೋಸುವುದು ಮಾತ್ರ ನಿಂತಿಲ್ಲ. "ಮುಗಿಲಿನ ನೀರಲ್ಲಿ ಜೀವ ಇಲ್ಲ ಅಂತ ಬರ್ದು ಕೊಡು, ಬಿಟ್ಬಿಡ್ತೀನಿ," ಎಂದಿದ್ದರು ಜಿನಮತಿ ಅಮ್ಮ. ಹಾಗೆ ಬರೆದುಕೊಡಲು ವಿಜ್ಞಾನಿಗೆ ಬರುವುದಿಲ್ಲ. ಹಾಗಾಗಿ ಈಗ ಬಟ್ಟೆಗೆ ಸೋಡಾ ಬೀಳುವುದಿಲ್ಲ. ಪ್ರತಿ ವಾರ ಅದೇ ಬಟ್ಟೆಯಲ್ಲಿ ಸೋಸಿದ ಶುದ್ಧ ನೀರಿನದೂ ಒಂದು ಬಾಟಲಿ ಬರುತ್ತದೆ. ಬಟ್ಟೆ ಬಿಟ್ಟದ್ದೆಷ್ಟು ಎಂದು ಅದರಿಂದ ತಿಳಿಯುತ್ತದೆ. ದಾಖಲೆಯಲ್ಲಿ ಮಾದರಿ ಹಿಡಿದವರ ಹೆಸರು ಬರೆಯುವಲ್ಲಿ ಶಾಂತರಾಜ ಎಂದಿದ್ದುದನ್ನು ಅಳಿಸಿ, ಜಿನಮತಿ ಎಂದು ಬರೆಯಲಾಗಿದೆ.

ಗಂಟೆ ಏಳಾಗುತ್ತಿದೆ. ಕಾಲೇಜಿಗೆ ಹೊರಡುವ ಮೊದಲು ಸುಚಿತ್ರಾ ಒಣಗಿದ ಆಲಿಕೆಯನ್ನೆತ್ತಿ ಬಾಟಲಿಗೆ ಕೂರಿಸುತ್ತಾರೆ. ನಿರಂಜನ ದೀಪಾವಳಿಗೆ ತೀರ್ಥಹಳ್ಳಿಗೆ ಬರುತ್ತಾರಂತೆ. ಬಂದರೆ ತಮಗೆ ಒಂದೇ ಆಸೆ ಇದೆ ಎನ್ನುತ್ತಾರೆ ಸುಚಿತ್ರಾ.

"ಮುದ್ರಣಾಲಯದ ಮಾಡು ಹತ್ತಿಸಿ, ಅವನ ಕೈಲಿ ಆಲಿಕೆ ತೊಳೆಸ್ಬೇಕು. ಪಕ್ಕದಲ್ಲೇ ನಿಂತು ನೋಡ್ತೀನಿ. ಮೂರು ಸಲ ತೊಳೀಬೇಕು ಅಂತ ಕಲಿಸಿದ್ದೆ. ಅವನು ಯಾವಾಗ್ಲೂ ಎರಡೇ ಸಲ ತೊಳೀತಿದ್ದ."